ನಡುಗೆರೆಯ ಈಚೆ

ಎಲ್ಮ್ ಫೋರ್ಕ್, ಅಯೋವಾ
೨ ಡಿಸೆಂಬರ್ ೨೦೧೮, ಭಾನುವಾರ

ಪ್ರೀತಿಯ ಡಾರ್ಲಿಸ್,

ಹೇಗಿದ್ದೀಯ ಮಾರಾಯ್ತಿ? ಇವಳು ಸತ್ತಳೋ ಬದುಕಿದ್ದಾಳೋ ಅಂದುಕೊಂಡಿರಬೇಕು ನೀನು. ನಿನ್ನ ಎರಡು ಕಾಗದ ಬಂದರೂ ಒಂದಕ್ಕೂ ಉತ್ತರ ಬರೆಯದೆ ಕೂತೆ. ಹೊಟ್ಟೆಗೆ ಹಾಕಿಕೋ. ಬಲಮಂಡಿ ಮತ್ತೆ ಹಟ ಹಿಡಿದಿದೆ. ಮೇಜಿನ ಮುಂದೆ ಅರ್ಧ ಗಂಟೆ ಕೂತರೆ ಏಳುವುದಕ್ಕೆ ವೆಂಡೆಲ್‌ನನ್ನು ಕೂಗಬೇಕು, ನನ್ನ ಗಂಡ ಮೊದಲ ಕೂಗಿಗೇ ಬಂದದ್ದು ಎಂದಾದರೂ ಉಂಟೇ? ಅದರ ಮೇಲೆ ಈ ಸಲ ಶರತ್ಕಾಲವೆಲ್ಲ ಮಳೆ. ಮೆಕ್ಕೆಜೋಳದ ಕಟಾವು ಥ್ಯಾಂಕ್ಸ್‌ಗಿವಿಂಗ್ ಹಬ್ಬದವರೆಗೂ ಎಳೆಯಿತು. ಮಗಳೂ ಅಳಿಯನೂ ಕೆಸರು ಬೂಟಿನಲ್ಲೇ ಟರ್ಕಿ ಕೋಳಿ ತಿಂದು ಮತ್ತೆ ಹೊಲಕ್ಕೆ ಓಡಿದರು.

ನೀನು ಕಳಿಸಿದ ಪೇಪರ್ ಕಟಿಂಗ್ ತಲುಪಿತು. ಫೋಟೋ ಚೆನ್ನಾಗಿ ಬಂದಿದೆ. ಐವತ್ತು ವರ್ಷವಾದರೂ ನಿನ್ನ ಮೂಗು ಇದ್ದ ಹಾಗೇ ಇದೆ. ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ.

ಅರಿಜೋನಾದ ಬಿಸಿಲಿನಲ್ಲಿ ಕಾಲು ಚಾಚಿಕೊಂಡು ಕೂತವಳಿಗೆ ನಮ್ಮ ಹುಡುಗಿಯರ ಬಾಸ್ಕೆಟ್‌ಬಾಲ್ ಸುದ್ದಿ ಬೇಕು ಅಂತ ಬರೆದಿದ್ದೀಯಲ್ಲ, ತಗೋ. ಮೊಮ್ಮಗಳು ಟೆಸ್ಸಾ ವೆಸ್ಟರ್‌ಬೋ ಕಾಲೇಜಿನಲ್ಲಿ ಈಗ ಮೂರನೆಯ ವರ್ಷ. ಮನೆಯಿಂದ ನಲವತ್ತು ಮೈಲಿ. ಅವಳ ಕಾಲೇಜಿನ ಜಿಮ್ಮಿನಲ್ಲೇ ಆಟವಿದ್ದರೆ ನಾನೂ ವೆಂಡೆಲ್ಲೂ ತಪ್ಪಿಸುವುದಿಲ್ಲ. ನಮ್ಮ ಬೆಂಚಿನ ಹಿಂದೆ ಮೂರನೆಯ ಸಾಲು. ಅವನ ತೊಡೆಯ ಮೇಲೆ ಪಾಪ್‌ಕಾರ್ನ್ ಬಕೆಟ್, ನನ್ನ ತೊಡೆಯ ಮೇಲೆ ಅವನ ಕೋಟು.

ತಂಡ ಕೆಟ್ಟದೇನಲ್ಲ. ಎಲ್ಲಕ್ಕಿಂತ ಮುಂದೆ ಮ್ಯಾಡಿ ವಾನ್ ಹೊರ್ನ್. ಈ ಹುಡುಗಿ ನಿನ್ನ ಜಾತಿ ಕಣೇ. ಚೆಂಡು ಕೈಗೆ ಬಂದರೆ ಸಾಕು, ಬುಟ್ಟಿ ಎಲ್ಲಿದೆ ಎಂದು ನೋಡುವುದೂ ಇಲ್ಲ, ಹಾಕಿಯೇ ಬಿಡುತ್ತಾಳೆ. ಹತ್ತಕ್ಕೆ ನಾಲ್ಕು ಬೀಳುತ್ತವೆ, ಬೀಳದ ಆರು ಅವಳಿಗೆ ನೆನಪೇ ಇರುವುದಿಲ್ಲ. ಅಂಥ ಮರೆವು ದೇವರು ಕೊಟ್ಟ ವರ. ನಡುವೆ ನಿಲ್ಲುವವಳು ಗ್ರೇಟಾ, ಆರಡಿ ಎರಡಂಗುಲ, ಒಳ್ಳೆಯ ಮನೆತನದ ಹುಡುಗಿ. ಆದರೆ ಚೆಂಡನ್ನು ಬಿಸಿ ಪಾತ್ರೆ ಹಿಡಿದಂತೆ ಹಿಡಿಯುತ್ತಾಳೆ. ಉಳಿದವರು ಓಡುತ್ತಾರೆ, ಬೆವರುತ್ತಾರೆ, ಕೂದಲು ಕಟ್ಟಿಕೊಳ್ಳುತ್ತಾರೆ. ನಮ್ಮ ಕಾಲದ ಹಾಗಲ್ಲ, ಅರ್ಧ ಆಟ ಕೂದಲು ಕಟ್ಟುವುದರಲ್ಲೇ ಹೋಗುತ್ತದೆ.

ಟೆಸ್ಸಾ ಕಾವಲಿಗೆ ನಿಂತರೆ ಎದುರಿನವಳಿಗೆ ಉಸಿರು ಬಿಡಲಾಗದು. ಇದನ್ನು ನಾನು ಅಜ್ಜಿಯಾಗಿ ಹೇಳುತ್ತಿಲ್ಲ, ಗಾರ್ಡ್ ಆಗಿ ಆಡಿದವಳಾಗಿ ಹೇಳುತ್ತಿದ್ದೇನೆ. ಹೋದ ವಾರ ಒಬ್ಬಳು ಮೊದಲರ್ಧದಲ್ಲಿ ಹದಿನಾಲ್ಕು ಪಾಯಿಂಟ್ ಹಾಕಿದ್ದಳು. ಎರಡನೆಯ ಅರ್ಧದಲ್ಲಿ ಟೆಸ್ಸಾಳನ್ನು ಅವಳ ಮೇಲೆ ಬಿಟ್ಟರು, ಆಮೇಲೆ ಒಂದೂ ಇಲ್ಲ. ಕೊನೆಗೆ ಆ ಹುಡುಗಿ ರೆಫರಿಯ ಹತ್ತಿರ ಹೋಗಿ, "ಇವಳನ್ನ ನನ್ನ ಮೈಮೇಲಿಂದ ತೆಗೀರಿ ಸ್ವಲ್ಪ!" ಎಂದು ಗೋಳಾಡಿದಳಂತೆ. ವೆಂಡೆಲ್ ಅದನ್ನು ಇಡೀ ಊರಿಗೆ ಹೇಳಿಕೊಂಡು ಬಂದ.

ಒಂದೇ ತೊಂದರೆ. ಹುಡುಗಿ ಬುಟ್ಟಿಗೆ ಹಾಕುವುದಿಲ್ಲ. ಹಾಕಲು ಬರುವುದಿಲ್ಲ ಅಂತಲ್ಲ, ಹಾಕುವುದೇ ಇಲ್ಲ. ಚೆಂಡು ಕಸಿದು ತರುತ್ತಾಳೆ, ನಿಲ್ಲುತ್ತಾಳೆ, ಮ್ಯಾಡಿಯನ್ನು ಹುಡುಕಿ ಕೊಡುತ್ತಾಳೆ. ಎದುರು ತಂಡದವರಿಗೆ ಇದು ಗೊತ್ತಾಗಿಹೋಗಿದೆ. ಚೆಂಡು ಟೆಸ್ಸಾಳ ಕೈಯಲ್ಲಿದ್ದರೆ ಅವಳನ್ನು ಯಾರೂ ಕಾಯುವುದಿಲ್ಲ, ಮ್ಯಾಡಿಯ ಮೇಲೆ ಇಬ್ಬರು ಬೀಳುತ್ತಾರೆ. ನದಿಯಾಚೆಯ ಕಾಲೇಜಿಗೆ ಹೋಗಿದ್ದಾಗ ಅಲ್ಲಿನ ಹುಡುಗರು ಮುಖಕ್ಕೆ ಬಣ್ಣ ಬಳಿದುಕೊಂಡು ನಿಂತಿದ್ದರು. ಟೆಸ್ಸಾಳ ಕೈಗೆ ಚೆಂಡು ಬಂದಾಗಲೆಲ್ಲ, "ಹಾಕೂ! ಹಾಕೂ!" ಎಂದು ಒಂದೇ ಸಮನೆ ಅಣಕಿಸಿದರು. ಎದ್ದುಹೋಗಿ ಆ ಬಣ್ಣದ ಮುಖಗಳಿಗೆ ಎರಡು ಬಾರಿಸಿ ಬರೋಣ ಅನ್ನಿಸಿತು, ಮಂಡಿ ಒಪ್ಪಬೇಕಲ್ಲ.

ಕೋಚ್ ಒಡೆಗಾರ್ಡ್ ಎಂಬವಳು ಮಿನೆಸೋಟಾದವಳು. ಇನ್ನೂ ಮೂವತ್ತೈದು ಆಗಿಲ್ಲ, ಮಾತು ಕಡಿಮೆ, ಕಣ್ಣು ಚುರುಕು. ಒಂದು ನಿಯಮ ಮಾಡಿದ್ದಾಳೆ, ಕೇಳಿದರೆ ನಗುತ್ತೀಯ. ಬುಟ್ಟಿಗೆ ಹಾಕಿದವಳು ವಾಪಸು ಓಡುವಾಗ ಚೆಂಡು ಕೊಟ್ಟವಳ ಕಡೆ ಬೆರಳು ತೋರಿಸಲೇಬೇಕು. ಮರೆತರೆ ಮರುದಿನ ಎಲ್ಲರ ಎದುರಿಗೆ ಮೆಟ್ಟಿಲು ಹತ್ತಿಳಿಯುವ ಶಿಕ್ಷೆ. ಮ್ಯಾಡಿ ಮೊದಲ ತಿಂಗಳು ಬರೀ ಮೆಟ್ಟಿಲು ಹತ್ತಿದಳು. ಈಗ ಚೆಂಡು ಬೀಳುವ ಮೊದಲೇ ಬೆರಳು ಎತ್ತುತ್ತಾಳೆ. ಆ ಬೆರಳು ಹೆಚ್ಚಾಗಿ ತಿರುಗುವುದು ಟೆಸ್ಸಾಳ ಕಡೆಗೇ.

ಸರಿ, ಮಂಡಿ ಕೂಗುತ್ತಿದೆ. ನೀನೂ ನಿನ್ನವರೂ ಸುಖವಾಗಿರಿ. ಕ್ರಿಸ್‌ಮಸ್ ಹಬ್ಬ ಚೆನ್ನಾಗಿ ಆಗಲಿ.

ನಿನ್ನ
ಲವೋನ್

ಮರೆತೆ: ನಿಂಬೆಹಣ್ಣಿನ ಪೆಟ್ಟಿಗೆ ಕಳಿಸಬೇಡ. ಹೋದ ವರ್ಷದ್ದು ಬರುವಷ್ಟರಲ್ಲಿ ಕಲ್ಲಾಗಿತ್ತು.


ಎಲ್ಮ್ ಫೋರ್ಕ್
೨೦ ಜನವರಿ ೨೦೧೯

ಪ್ರೀತಿಯ ಡಾರ್ಲಿಸ್,

ನಿಂಬೆಹಣ್ಣು ಬಂತು. ಹೇಳಿದ್ದು ಕೇಳುವ ಜಾತಿಯವಳೇ ಅಲ್ಲ ನೀನು. ಈ ಸಲ ಮೂರು ಕಲ್ಲಾಗಿವೆ, ಉಳಿದವು ಚೆನ್ನಾಗಿವೆ. ನಿಂಬೆ ಪೈ ಮಾಡಿ ಚರ್ಚಿನ ಊಟಕ್ಕೆ ಒಯ್ದೆ.

ಇಲ್ಲಿ ಹಿಮ ಕಿಟಕಿಯ ಅರ್ಧಕ್ಕೆ ಬಂದಿದೆ. ಆದರೆ ಈ ಕಾಗದ ಹಿಮದ ಬಗ್ಗೆ ಅಲ್ಲ. ನನಗೆ ಒಳಗೆ ಕುದಿಯುತ್ತಿದೆ, ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಟೆಸ್ಸಾಳನ್ನು ಮೊದಲ ಐದರಿಂದ ತೆಗೆದು ಬೆಂಚಿನಲ್ಲಿ ಕೂರಿಸಿದ್ದಾರೆ. ನಾಲ್ಕು ಆಟ ಆಯಿತು. ಎದುರಿನವರು ಒಂದರ ಮೇಲೊಂದು ಬುಟ್ಟಿಗೆ ಹಾಕತೊಡಗಿದಾಗ ಮಾತ್ರ ಐದು ನಿಮಿಷ ಕಳಿಸಿ ಮತ್ತೆ ಕರೆದುಕೊಳ್ಳುತ್ತಾರೆ. ಬೆಂಚಿನ ಹಿಂದಿನ ಮೂರನೆಯ ಸಾಲಿನಿಂದ ನನಗೆ ಕಾಣುವುದು ಅವಳ ಕತ್ತಿನ ಹಿಂಭಾಗ ಮಾತ್ರ. ಅದನ್ನು ನೋಡುವುದಕ್ಕೆ ನಲವತ್ತು ಮೈಲಿ ಹಿಮದಲ್ಲಿ ಹೋಗುತ್ತೇವೆ.

ಹೋದ ಶನಿವಾರ ಆಟ ಮುಗಿದ ಮೇಲೆ ಜಿಮ್ಮಿನ ಪಕ್ಕದ ಕೋಣೆಯಲ್ಲಿ ಮನೆಯವರಿಗೆಲ್ಲ ಊಟವಿತ್ತು. ಹ್ಯಾಮ್, ಆಲೂಗಡ್ಡೆ, ಎಂದಿನಂತೆ ಏಳು ಬಗೆಯ ಜೆಲ್ಲಿ. ನಾನು ತಟ್ಟೆ ಹಿಡಿದುಕೊಂಡೇ ಕೋಚ್ ಒಡೆಗಾರ್ಡಳ ಎದುರು ಹೋಗಿ ಕೂತೆ. "ಬೇಡ ಲವೋನ್, ಬೇಡ," ಎಂದು ವೆಂಡೆಲ್ ಹಿಂದಿನಿಂದ ಗೊಣಗುತ್ತಲೇ ಬಂದ. ಬಂದವನು ನನ್ನ ಪಕ್ಕದಲ್ಲೇ ಕೂತ, ತಮಾಷೆ ತಪ್ಪಿಹೋದೀತಲ್ಲ!

"ನಮ್ಮ ಹುಡುಗಿ ಏನು ತಪ್ಪು ಮಾಡಿದ್ದಾಳೆ?" ಎಂದೆ.

"ತಪ್ಪೇನಿಲ್ಲ ಲವೋನ್ ಅವರೇ," ಎಂದಳು ಅವಳು. "ಕಾವಲಿಗೆ ಅವಳಂಥವಳು ಈ ಲೀಗಿನಲ್ಲೇ ಇಲ್ಲ. ಆದ್ರೆ ಅವಳು ಕೋರ್ಟಿನಲ್ಲಿದ್ರೆ ನಾವು ನಾಲ್ಕು ಜನ ಆಡಿದ ಹಾಗೆ. ನೀವೇ ನೋಡಿದ್ದೀರಲ್ಲ? ಅವಳನ್ನ ಬಿಟ್ಟು ಎಲ್ಲಾರೂ ಮ್ಯಾಡಿ ಮೇಲೆ ಬೀಳ್ತಾರೆ."

"ಬುಟ್ಟಿಗೆ ಬೀಳೋ ಹಾಗೆ ಹಾಕೋದನ್ನ ಕಲಿಸಿ ಮತ್ತೆ! ಅದಕ್ಕೇ ಅಲ್ವಾ ನೀವಿರೋದು?"

"ಬೀಳೋದು ಬೇಡ. ಹಾಕ್ಲಿ ಸಾಕು. ಪ್ರಾಕ್ಟೀಸಿನಲ್ಲಿ ಒಬ್ಬಳೇ ಇದ್ರೆ ಹತ್ತಕ್ಕೆ ಐದು ಹಾಕ್ತಾಳೆ. ಆಟಕ್ಕಿಳಿದ್ರೆ ಮುಗೀತು. ನಂಗೂ ಅರ್ಥ ಆಗ್ತಿಲ್ಲ. ಚೆಂಡು ಹಿಡಿದು ನಡುಗೆರೆ ದಾಟ್ತಾಳೆ, ಎರಡೇ ಸಲ ಪುಟಿಸ್ತಾಳೆ, ನಿಂತುಬಿಡ್ತಾಳೆ. ಪ್ರತಿ ಸಲಾನೂ ಎರಡೇ. ಇಷ್ಟು ವರ್ಷದಲ್ಲಿ ಇಂಥಾದ್ದು ನಾನು ನೋಡೇ ಇಲ್ಲ."

ಡಾರ್ಲಿಸ್, ವೆಂಡೆಲ್ ತಿನ್ನುತ್ತಿದ್ದ ಹ್ಯಾಮ್ ಗಂಟಲಿಗೆ ಸಿಕ್ಕಿಕೊಂಡಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು, ಆಮೇಲೆ ನೋಡಿದರೆ ಅದು ಕೆಮ್ಮಲ್ಲ, ನಗು. "ಎರಡು ಸಲ!" ಎಂದು ಮೇಜು ಕುಟ್ಟಿದ. "ಎರಡೇ ಸಲ! ಅಯ್ಯೋ ಲವೋನ್, ನಿನ್ನ ಕಂಪೆನಿ ಮಾಲು!"

ಕೋಚಿಗೆ ಏನೂ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ, ಅವಳು ಹುಟ್ಟಿದ್ದು ಮಿನೆಸೋಟಾದಲ್ಲಿ, ನಮ್ಮ ಆಟ ಸತ್ತು ಮಣ್ಣಾಗುವ ಹೊತ್ತಿಗೆ ಅವಳಿಗೆ ಎಂಟೋ ಒಂಬತ್ತೋ ವರ್ಷ. ವೆಂಡೆಲ್ಲೇ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಎಲ್ಲ ಎಳೆದುಕೊಂಡು ಮೇಜಿನ ಮೇಲೆ ಕೋರ್ಟು ಹಾಕಿದ. "ನೋಡಮ್ಮಾ, ಆಗಿನ ಕಾಲದಲ್ಲಿ ಅಯೋವಾದ ಹುಡುಗೀರು ಆಡ್ತಿದ್ದದ್ದು ಆರಾರು ಜನ. ಮೂವರು ಗಾರ್ಡ್ ಈ ಕಡೆ, ಮೂವರು ಫಾರ್ವರ್ಡ್ ಆ ಕಡೆ. ನಡುವಿನ ಗೆರೆ ಯಾರೂ ದಾಟೋ ಹಾಗಿಲ್ಲ. ಹುಡುಗೀರು ಅಷ್ಟುದ್ದ ಓಡಿದ್ರೆ ಸುಸ್ತಾಗಿ ಬಿದ್ದುಹೋಗ್ತಾರೆ ಅಂತ ದೊಡ್ಡ ಮನುಷ್ಯರ ತೀರ್ಮಾನ. ಬೆಳಗ್ಗೆ ಹಂದಿ ಕೊಟ್ಟಿಗೆ ಗುಡಿಸಿ ಬಂದ ಹುಡುಗೀರು ಇವರು! ಚೆಂಡು ಎರಡೇ ಸಲ ಪುಟಿಸ್ಬೇಕು, ಮೂರನೇದು ತಪ್ಪು. ಫಾರ್ವರ್ಡ್ ಮಾತ್ರ ಬುಟ್ಟಿಗೆ ಹಾಕೋರು. ಗಾರ್ಡಿನ ಕೆಲಸ ಏನು? ಚೆಂಡು ಕಸಿದುಕೊಳ್ಳೋದು, ಗೆರೆ ತನಕ ತರೋದು, ಆಚೆ ಇರೋರಿಗೆ ಕೊಡೋದು. ಅಲ್ಲಿಗೆ ಮುಗೀತು."

"ಗಾರ್ಡ್‌ಗಳು ಒಂದು ಸಲಾನೂ ಹಾಕ್ತಿರಲಿಲ್ವಾ?" ಕೋಚ್ ನನ್ನ ಕಡೆ ತಿರುಗಿ ಕೇಳಿದಳು.

"ಇಲ್ಲಮ್ಮ," ಎಂದೆ. "ನಾಲ್ಕು ವರ್ಷ ಆಡಿದೆ. ಒಂದು ಸಲಾನೂ ಇಲ್ಲ. ನಮಗೆ ಯಾರಾದ್ರೂ ಫೌಲ್ ಮಾಡಿದ್ರೂ ಫ್ರೀ ಥ್ರೋ ಹಾಕೋರು ಆ ತುದೀಲಿ ಇದ್ದ ಫಾರ್ವರ್ಡೇ."

ನೆನಪಿದೆಯಾ, ರಾಜ್ಯದ ಫೈನಲ್ಲಿನಲ್ಲಿ ಆ ಯೂನಿಯನ್ ಹೈಸ್ಕೂಲಿನ ದಡೂತಿ ಹುಡುಗಿಯ ಮೊಣಕೈ ಬಡಿದು ನನ್ನ ತುಟಿ ಸೀಳಿತಲ್ಲ? ನಾನು ರಕ್ತ ಒರೆಸಿಕೊಳ್ಳುತ್ತಾ ನಿಂತಿದ್ದೆ, ನೀನು ಆ ತುದಿಯಲ್ಲಿ ಎರಡು ಹಾಕಿದೆ. ಎರಡೂ ಬಿದ್ದವು.

ಕೋಚ್ ಉಪ್ಪಿನ ಡಬ್ಬಿಯನ್ನು ಕೈಗೆತ್ತಿಕೊಂಡಳು. ಆಮೇಲೆ ಮೆಲ್ಲಗೆ, "ಟೆಸ್ಸಾಗೆ ಆಟ ಕಲಿಸಿದ್ದು ಯಾರು?" ಎಂದಳು.

ಇನ್ಯಾರು, ನಾನೇ! ಮಗಳು ಆಸ್ಪತ್ರೆಯ ಪಾಳಿಗೆ ಹೋದಾಗಲೆಲ್ಲ ಹುಡುಗಿ ನನ್ನ ಹತ್ತಿರವೇ ಇರುತ್ತಿದ್ದಳು. ಟ್ರ್ಯಾಕ್ಟರ್ ಶೆಡ್ಡಿನಲ್ಲಿ ವೆಂಡೆಲ್ ಬುಟ್ಟಿ ಕಟ್ಟಿಕೊಟ್ಟಿದ್ದ. ಸಿಮೆಂಟ್ ನೆಲದ ಮೇಲೆ ನಾನೇ ಬಿಳಿ ಬಣ್ಣದಲ್ಲಿ ಗೆರೆ ಎಳೆದಿದ್ದೆ. ನನಗೆ ಬರುತ್ತಿದ್ದದ್ದನ್ನೇ ಕಲಿಸಿದೆ: ಮೊಣಕಾಲು ಬಗ್ಗಿಸು, ಕೈಯನ್ನಲ್ಲ ಸೊಂಟವನ್ನು ನೋಡು, ಚೆಂಡು ಕಸಿ, ಎರಡು ಸಲ ಪುಟಿಸು, ಕೊಡು. ಬುಟ್ಟಿಗೆ ಹಾಕುವುದು ಆಟದಲ್ಲಿ ನನ್ನ ಪಾಲಿಗೆ ಇರಲೇ ಇಲ್ಲ, ನನಗದು ಹೊಳೆಯಲೂ ಇಲ್ಲ. ಹೈಸ್ಕೂಲಿನಲ್ಲಿ ಅವಳ ಕಾವಲು ನೋಡಿ ಎಲ್ಲರೂ ಭೇಷ್ ಅಂದರು, ಉಳಿದದ್ದನ್ನು ಯಾರೂ ಕೇಳಲಿಲ್ಲ.

ಕೋಚ್ ಮುಚ್ಚುಮರೆ ಮಾಡಲಿಲ್ಲ. "ಮುಂದಿನ ವರ್ಷಕ್ಕೆ ನೆಬ್ರಾಸ್ಕಾದ ಗಾರ್ಡ್ ಒಬ್ಬಳು ಬರ್ತೀನಿ ಅಂತಿದ್ದಾಳೆ. ಇರೋದು ಒಂದೇ ಜಾಗ. ಈ ಸೀಸನ್ ಮುಗಿಯೋದ್ರೊಳಗೆ ಟೆಸ್ಸಾ ಹಾಕೋಕೆ ಶುರು ಮಾಡಿದ್ರೆ ಆ ಜಾಗ ಅವಳದೇ. ಇಲ್ಲಾಂದ್ರೆ ನಾನು ಆ ಹುಡುಗೀನ ಬೇಡ ಅನ್ನೋದಕ್ಕಾಗಲ್ಲ. ಇದನ್ನ ಟೆಸ್ಸಾಗೂ ಹೇಳಿದ್ದೀನಿ," ಎಂದಳು. ಸಿಟ್ಟು ಬಂತು, ಆದರೆ ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಮನೆಗೆ ವಾಪಸು ಬರುವಾಗ ಕಾರಿನಲ್ಲಿ ವೆಂಡೆಲ್ ಎರಡು ಸಲ "ಎರಡೇ ಸಲ" ಎಂದು ನಕ್ಕ, ಮೂರನೆಯ ಸಲ ನನ್ನ ಮುಖ ನೋಡಿ ರೇಡಿಯೋ ಹಾಕಿದ.

ಮರುದಿನ ಟೆಸ್ಸಾ ಮನೆಗೆ ಬಂದಳು. ಊಟವಾದ ಮೇಲೆ ಇಬ್ಬರೂ ಶೆಡ್ಡಿಗೆ ಹೋದೆವು. ಬಾಯಿ ತೆಗೆದರೆ ಹೊಗೆ ಬರುವಷ್ಟು ಚಳಿ. ನೆಲದ ಮೇಲಿನ ಗೆರೆ ಟ್ರ್ಯಾಕ್ಟರ್ ಎಣ್ಣೆಯ ಕೆಳಗೂ ಸ್ಪಷ್ಟವಾಗಿ ಕಾಣುತ್ತಿತ್ತು.

"ಹಾಕು," ಎಂದೆ.

"ಇಲ್ಲಿ ಹಾಕ್ತೀನಿ ಅಜ್ಜಿ. ಅಲ್ಲಿ ಆಗಲ್ಲ. ಮ್ಯಾಡಿ ಇರ್ತಾಳಲ್ಲ? ಅವಳು ನನಗಿಂತ ಚೆನ್ನಾಗಿ ಹಾಕ್ತಾಳೆ. ನಾನು ಹಾಕಿ ತಪ್ಪಿದ್ರೆ, ಅಷ್ಟು ಕಷ್ಟಪಟ್ಟು ಕಸಿದ ಚೆಂಡು ನಾನೇ ಹಾಳು ಮಾಡಿದ ಹಾಗೆ."

ಈ ಮಾತನ್ನು ನಾನೇ ಆಡಿದಂತಿತ್ತು ಕಣೇ. "ಹೆದರ್ಕೊಂಡ್ರೆ ಆಗಲ್ಲ, ಮೊಣಕೈ ಮೇಲಿರ್ಲಿ," ಎಂದು ಎಲ್ಲೋ ಕೇಳಿದ್ದನ್ನು ಹೇಳಿದೆ.

"ಎಲ್ಲಿ, ನೀನು ಹಾಕಿ ತೋರ್ಸು."

"ನಾನಾ?"

"ಹೂಂ. ನೀನು ಹಾಕಿದ್ದನ್ನ ನಾನು ನೋಡೇ ಇಲ್ಲ."

ಅರವತ್ತೆಂಟು ವರ್ಷದ ಮುದುಕಿ ಕೈಗವಸು ಬಿಚ್ಚಿ ಚೆಂಡು ಎತ್ತಿದೆ. ಬುಟ್ಟಿ ಅಷ್ಟು ಮೇಲಿದೆ ಎಂದು ನನಗೆ ಅದುವರೆಗೆ ಗೊತ್ತೇ ಇರಲಿಲ್ಲ. ಎರಡೂ ಕೈ ಸೇರಿಸಿ ಎಸೆದೆ. ಚೆಂಡು ಬಲೆಯ ಹತ್ತಿರಕ್ಕೂ ಹೋಗದೆ ವೆಂಡೆಲ್‌ನ ಟ್ರ್ಯಾಕ್ಟರಿನ ಕನ್ನಡಿಗೆ ಬಡಿಯಿತು. ಕನ್ನಡಿ ಕೆಳಗೆ ಬಿತ್ತು. ಟೆಸ್ಸಾ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತು ನಕ್ಕಳು. ಬೆಂಚಿಗೆ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸದ್ದು ಕೇಳಿ ವೆಂಡೆಲ್ ಓಡಿಬಂದ. "ಯಾರು ಇದನ್ನ ಒಡೆದವರು?" ಎಂದು ಗುಡುಗಿದ. ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದೆವು.

ಹೋಗುವ ಮುಂಚೆ ಹುಡುಗಿ ಶೆಡ್ಡಿನ ಮೂಲೆಯಲ್ಲಿದ್ದ ಬೂದು ಬಣ್ಣ ತಂದು ಆ ಗೆರೆಯ ಮೇಲೆ ಬಳಿದಳು. ನಾನೂ ಒಂದು ಬ್ರಶ್ ಹಿಡಿದೆ. ಚಳಿಗೆ ಬಣ್ಣ ಒಣಗಲೇ ಇಲ್ಲ, ಈಗ ವೆಂಡೆಲ್‌ನ ಬೂಟಿನಿಂದ ಅಡಿಗೆಮನೆಯವರೆಗೂ ಬೂದು ಹೆಜ್ಜೆಗಳು.

ಅವಳಿಗೋಸ್ಕರ ಪ್ರಾರ್ಥನೆ ಮಾಡು. ಜಾಗ ಹೋದರೆ ಈ ಹುಡುಗಿ ಆಟವನ್ನೇ ಬಿಟ್ಟುಬಿಡುತ್ತಾಳೆ, ನನಗೆ ಗೊತ್ತು. ನಿಮ್ಮಿಬ್ಬರಿಗೂ ಆರೋಗ್ಯವಿರಲಿ.

ನಿನ್ನ
ಲವೋನ್

ಮತ್ತೆ: ನೀನು ಕೇಳಿದ್ದಕ್ಕೆ, ಇಲ್ಲ, ಕಟಿಂಗನ್ನು ಟೆಸ್ಸಾಗೆ ಇನ್ನೂ ತೋರಿಸಿಲ್ಲ. ಸಮಯ ಸಿಗಲಿಲ್ಲ.


ಎಲ್ಮ್ ಫೋರ್ಕ್
೩ ಮಾರ್ಚ್ ೨೦೧೯

ಪ್ರೀತಿಯ ಡಾರ್ಲಿಸ್,

ಸೀಸನ್ ಮುಗಿಯಿತು. ಮೊನ್ನೆ ಲೀಗಿನ ಸೆಮಿಫೈನಲ್ಲಿನಲ್ಲಿ ಸೋತೆವು. ಸೋತದ್ದನ್ನು ಮೊದಲೇ ಹೇಳಿಬಿಟ್ಟೆ, ಈಗ ನೆಮ್ಮದಿಯಾಗಿ ಓದು.

ಫೆಬ್ರವರಿಯಲ್ಲಿ ಟೆಸ್ಸಾ ಹಾಕಲು ಶುರು ಮಾಡಿದಳು ಎಂದು ಫೋನಿನಲ್ಲಿ ಹೇಳಿದ್ದೆನಲ್ಲ. ಹಾಕುವುದೆಂದರೆ ಆಟಕ್ಕೆ ಒಂದೋ ಎರಡೋ, ಅದೂ ನಮ್ಮವರು ಇಪ್ಪತ್ತು ಪಾಯಿಂಟ್ ಮುಂದಿದ್ದಾಗ. ಯಾರದೋ ಮನೆಯ ಅಡಿಗೆ ರುಚಿ ನೋಡುವಂತೆ ಅಂಜುತ್ತಾ ಹಾಕುತ್ತಿದ್ದಳು. ಬಿದ್ದದ್ದು ಒಂದೇ ಒಂದು. "ಅದನ್ನ ಹಾಕಿದ್ದು ಅನ್ನೋದಕ್ಕಾಗಲ್ಲ," ಎಂದು ಕೋಚ್ ಖಂಡತುಂಡವಾಗಿ ಹೇಳಿದ್ದಳು. "ನಮಗೆ ಬೇಕಾದಾಗ ಹಾಕ್ಬೇಕು." ನೆಬ್ರಾಸ್ಕಾದ ಹುಡುಗಿ ಅಪ್ಪ ಅಮ್ಮನ ಜೊತೆ ಬಂದು ಕಾಲೇಜು ನೋಡಿಕೊಂಡೂ ಹೋದಳು. ನಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದರು. ಒಳ್ಳೆಯ ಜನವೇ. ನನಗೆ ಮಾತಾಡಿಸಲು ಮನಸ್ಸು ಬರಲಿಲ್ಲ.

ಸೆಮಿಫೈನಲ್ ನಮ್ಮ ಜಿಮ್ಮಿನಲ್ಲೇ. ಎದುರಿಗೆ ನದಿಯಾಚೆಯ ಅದೇ ಕಾಲೇಜು, ಅದೇ ಬಣ್ಣ ಬಳಿದ ಹುಡುಗರು, ಒಂದು ಬಸ್ ತುಂಬ. ಆಟ ಪೂರ್ತಿ ಬಿಗಿಯಾಗಿಯೇ ನಡೆಯಿತು. ಅವರ ಎಡಗೈಯಾಟದ ಹುಡುಗಿಯೊಬ್ಬಳು ನಮ್ಮವರನ್ನು ಬೇಕಾದಂತೆ ಕುಣಿಸುತ್ತಿದ್ದಳು. ಕೊನೆಗೆ ಟೆಸ್ಸಾಳನ್ನು ಕಳಿಸಿದರು, ಅವಳ ಕುಣಿತ ನಿಂತಿತು. ಅಷ್ಟರಲ್ಲಿ ಮ್ಯಾಡಿಗೆ ಐದನೆಯ ಫೌಲ್ ಆಯಿತು. ಐದಾದರೆ ಆಟದಿಂದ ಹೊರಗೆ. ಅವಳು ಟವೆಲ್ಲನ್ನು ತಲೆಯ ಮೇಲೆ ಹಾಕಿಕೊಂಡು ಬೆಂಚಿನ ಕೊನೆಯಲ್ಲಿ ಕೂತು ಅತ್ತಳು. ಇನ್ನೂ ಎರಡು ನಿಮಿಷದ ಆಟ ಉಳಿದಿತ್ತು. ವೆಂಡೆಲ್ ಪಾಪ್‌ಕಾರ್ನ್ ತಿನ್ನುವುದನ್ನೂ ಬಿಟ್ಟ.

ಕೊನೆಯ ಅರ್ಧ ನಿಮಿಷ. ನಾವು ಎರಡು ಪಾಯಿಂಟ್ ಹಿಂದೆ, ಚೆಂಡು ಅವರದು. ಎಡಗೈಯವಳು ಚೆಂಡು ತರುತ್ತಿದ್ದಳು. ಟೆಸ್ಸಾ ಮೊಣಕಾಲು ಬಗ್ಗಿಸಿ ಅವಳ ಸೊಂಟವನ್ನೇ ನೋಡುತ್ತಿದ್ದಳು. ನಾನು ಗಟ್ಟಿಯಾಗಿಯೇ "ಈಗ!" ಅಂದೆನಂತೆ, ನನಗೆ ನೆನಪಿಲ್ಲ. ನಡುಗೆರೆಯ ಹತ್ತಿರ ಚೆಂಡಿಗೆ ಕೈ ಹಾಕಿದಳು, ಕಸಿದೇಬಿಟ್ಟಳು! ಗೆರೆ ದಾಟಿದಳು. ಒಂದು ಸಲ ಪುಟಿಸಿದಳು, ಎರಡು ಸಲ ಪುಟಿಸಿದಳು, ಬುಟ್ಟಿಯಿಂದ ಹದಿನೈದು ಅಡಿ ದೂರದಲ್ಲಿ ನಿಂತಳು.

ನಿಂತಳು ಡಾರ್ಲಿಸ್! ಚೆಂಡು ಎದೆಗೆ ಹಿಡಿದುಕೊಂಡು ಮ್ಯಾಡಿ ಎಲ್ಲಿ ಎಂದು ಹುಡುಕುತ್ತಿದ್ದಾಳೆ. ಮ್ಯಾಡಿ ಟವೆಲ್ಲಿನ ಕೆಳಗಿದ್ದಾಳೆ. ಗ್ರೇಟಾ ಬಂದಳು, ಅವಳ ಮೇಲೆ ಇಬ್ಬರು ಬಿದ್ದರು. ಟೆಸ್ಸಾಳ ಹತ್ತಿರ ಯಾರೂ ಬರಲಿಲ್ಲ, ಇವಳು ಹಾಕುವುದಿಲ್ಲ ಎಂಬ ಧೈರ್ಯ ಅವರಿಗೆ. ಆ ಬಣ್ಣದ ಹುಡುಗರು ಕುಣಿಯುತ್ತಾ, "ಹಾಕೂ! ಹಾಕೂ!" ಎಂದು ಶುರು ಹಚ್ಚಿಕೊಂಡರು. ನಾನು ಎದ್ದೆ. ಮಂಡಿ ಎಲ್ಲಿ ಹೋಯಿತೋ. "ಹಾಕೇ! ಹಾಕೇ ಹುಡುಗಿ! ತಪ್ಪಿದ್ರೆ ತಪ್ಲಿ, ಹಾಕೇ!" ಎಂದು ಕಿರುಚಿದೆ. ಆ ಹುಡುಗರೂ ನಾನೂ ಒಂದೇ ಮಾತು ಕೂಗುತ್ತಿದ್ದೆವು.

ಹಾಕಿದಳು. ಚೆಂಡು ಬುಟ್ಟಿಯ ಅಂಚಿಗೆ ತಾಗಿ ಮೇಲೆ ಹಾರಿತು, ಮತ್ತೆ ಅಂಚಿನ ಮೇಲೇ ಬಿತ್ತು, ಸುತ್ತಿತು, ಒಳಗೆ ಬಿತ್ತು. ಸಮ ಸಮ. ಜಿಮ್ಮಿನ ಛಾವಣಿ ಹಾರಿಹೋಗುವಂತೆ ಜನ ಕೂಗಿದರು.

ಈಗ ಕೇಳು. ಕೋಚ್ ಒಡೆಗಾರ್ಡಳ ನಿಯಮ ಇದೆಯಲ್ಲ, ಹಾಕಿದವಳು ಚೆಂಡು ಕೊಟ್ಟವಳ ಕಡೆ ಬೆರಳು ತೋರಿಸಬೇಕು. ಟೆಸ್ಸಾ ವಾಪಸು ಓಡುತ್ತಾ ಬೆರಳು ಎತ್ತಿದಳು, ಆದರೆ ಯಾರ ಕಡೆ ತೋರಿಸುವುದು? ಚೆಂಡು ಯಾರೂ ಕೊಟ್ಟಿರಲಿಲ್ಲ, ಅವಳೇ ಕಸಿದದ್ದು. ಬೆರಳು ಎತ್ತಿಕೊಂಡೇ ಪೆದ್ದಿಯ ಹಾಗೆ ನಾಲ್ಕು ಹೆಜ್ಜೆ ಓಡಿದಳು. ಗ್ರೇಟಾಳನ್ನು ನೋಡಿದಳು, ಕೋಚನ್ನು ನೋಡಿದಳು. ಆಮೇಲೆ ಬೆರಳನ್ನು ನಮ್ಮ ಸಾಲಿನ ಕಡೆ ತಿರುಗಿಸಿದಳು.

ನಾನು ಹಿಂದೆ ತಿರುಗಿ ನೋಡಿದೆ, ಯಾರಿರಬಹುದು ಎಂದು. ಹಿಂದೆ ಪಾದ್ರಿಯ ಹೆಂಡತಿ ಕೂತು ಸೀನುತ್ತಿದ್ದಳು.

"ಅವಳಲ್ಲ ಕಣೇ, ನೀನು," ಎಂದ ವೆಂಡೆಲ್. "ನಿನಗೆ ತೋರಿಸ್ತಿದ್ದಾಳೆ." ಅವನ ದನಿ ಒಂದು ಥರಾ ಆಗಿತ್ತು. ನಾನು ಕೂತುಬಿಟ್ಟೆ. ಸುತ್ತ ಎಲ್ಲರೂ ಎದ್ದು ನಿಂತಿದ್ದರಿಂದ ಉಳಿದ ಕೆಲವು ಸೆಕೆಂಡು ನನಗೆ ಏನೂ ಕಾಣಲಿಲ್ಲ, ಕಾಣುವುದೂ ಬೇಕಿರಲಿಲ್ಲ.

ಆಟ ಸಮಸಮವಾಗಿಯೇ ಮುಗಿದು, ಹೆಚ್ಚುವರಿ ಐದು ನಿಮಿಷದ ಆಟದಲ್ಲಿ ನಾಲ್ಕು ಪಾಯಿಂಟಿನಿಂದ ಸೋತೆವು. ಟೆಸ್ಸಾ ಅದರಲ್ಲೂ ಮೂರು ಸಲ ಹಾಕಿದಳು, ಮೂರೂ ತಪ್ಪಿದವು. ಒಂದಂತೂ ಬುಟ್ಟಿಗೆ ತಾಗಲೇ ಇಲ್ಲ, ನೇರ ನನ್ನ ರಕ್ತ. ಆಟ ಮುಗಿದ ಮೇಲೆ ಕೋಚ್ ನಮ್ಮ ಹತ್ತಿರ ಬಂದು, "ಮೂರು ತಪ್ಪಿದ ಮೇಲೂ ನಾಲ್ಕನೇದು ಹಾಕೋಕೆ ನೋಡ್ತಿದ್ದಳು, ನೋಡಿದ್ರಾ? ಅಷ್ಟು ಸಾಕು ನನಗೆ. ಬೇಸಗೆ ಪೂರ್ತಿ ದಿನಾ ಹಾಕ್ತಾ ಇರ್ಲಿ. ಜಾಗ ಅವಳದೇ," ಎಂದಳು. ಆಮೇಲೆ, "ನಾಳೆ ಅವಳಿಗೆ ಮೆಟ್ಟಿಲು ಹತ್ತಿಸಬೇಕೋ ಬೇಡವೋ ಗೊತ್ತಾಗ್ತಿಲ್ಲ. ಪ್ರೇಕ್ಷಕರಿಗೆ ಬೆರಳು ತೋರಿಸಬಹುದು ಅಂತ ನಿಯಮದಲ್ಲಿಲ್ಲ," ಎಂದು ನಕ್ಕಳು. ನಗುವುದು ಬರುತ್ತದೆ ಅವಳಿಗೆ.

ಟೆಸ್ಸಾ ಬಂದು ಬೆವರು ಮೈಯಲ್ಲೇ ತಬ್ಬಿಕೊಂಡಳು. "ಯಾರಿಗಾದ್ರೂ ತೋರಿಸ್ಲೇಬೇಕಿತ್ತು ಅಜ್ಜಿ, ಇಲ್ಲಾಂದ್ರೆ ಮೆಟ್ಟಿಲು," ಎಂದಳು. ತುಂಟಿ! ಆಮೇಲೆ ಕಿವಿಯ ಹತ್ತಿರ, "ಆ ಚೆಂಡು ನೀನೇ ಕೊಟ್ಟಿದ್ದಲ್ವಾ?" ಎಂದಳು.

ವೆಂಡೆಲ್ ಟ್ರ್ಯಾಕ್ಟರಿಗೆ ಹೊಸ ಕನ್ನಡಿ ಹಾಕಿಸಿದ್ದಾನೆ. ಹಿಮ ಕರಗುತ್ತಿದೆ, ಅಂಗಳವೆಲ್ಲ ರಾಡಿ. ನಿನ್ನ ಬೆನ್ನುನೋವು ಕಡಿಮೆಯಾಗಲಿ. ನಿನಗೂ ನಿನ್ನ ಮಕ್ಕಳು ಮೊಮ್ಮಕ್ಕಳಿಗೂ ದೇವರು ಒಳ್ಳೆಯದು ಮಾಡಲಿ. ಬೇಸಗೆಯಲ್ಲಿ ಬಾ, ಮಲಗಲು ಟೆಸ್ಸಾಳ ಕೋಣೆ ಇದೆ.

ಸದಾ ನಿನ್ನ
ಲವೋನ್

ಇನ್ನೊಂದು ಮಾತು. ಬರೆಯಬಾರದೆಂದಿದ್ದೆ, ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ.

ಚಳಿಗಾಲದ ಮೊದಲಿಗೆ ನಾನು ಕಾಗದ ಬರೆಯದೆ ಕೂತದ್ದು ಮಂಡಿಯಿಂದಲ್ಲ. ಕೆಲಸದಿಂದಲೂ ಅಲ್ಲ. ನೀನು ಕಳಿಸಿದ ಕಟಿಂಗ್ ಫ್ರಿಜ್ಜಿನ ಮೇಲೂ ಇಲ್ಲ. ಅಡಿಗೆಮನೆಯ ಡ್ರಾಯರಿನಲ್ಲಿ ಟವೆಲ್ಲುಗಳ ಕೆಳಗಿದೆ. ಫೈನಲ್ಲಿಗೆ ಐವತ್ತು ವರ್ಷವಾಯಿತೆಂದು ಆ ಪೇಪರಿನವನು ನಿನ್ನನ್ನು ಕೇಳಿದನಲ್ಲ, ಒಂದೇ ಆಟದಲ್ಲಿ ಐವತ್ತೆಂಟು ಪಾಯಿಂಟ್ ಹೇಗೆ ಹಾಕಿದಿರಿ ಎಂದು. ಅವತ್ತು ಏನಾಯಿತೋ ಗೊತ್ತಿಲ್ಲ, ಚೆಂಡು ಹೇಗೋ ನನ್ನ ಕೈಗೇ ಬರುತ್ತಿತ್ತು ಅಂದಿದ್ದೀಯ. ಪುಟ ತುಂಬ ಇದೆ, ಕೋಚಿನ ಹೆಸರಿದೆ, ಬಸ್ ಓಡಿಸಿದವನ ಹೆಸರೂ ಇದೆ. ನಾನು ಎರಡು ಸಲ ಹುಡುಕಿದೆ.

ಹೇಗೋ ಬರಲಿಲ್ಲ ಡಾರ್ಲಿಸ್. ನಾನು ಕೊಟ್ಟೆ.